ಟ್ರಿಂಕೋಮಲಿ ಹಡಗಿನ ಅಂಚೆ ಲೇಬಲ್: ಬಿಡಿ ಕೊಳ್ಳೋಣವೋ, ಪಟ್ಟಿಯೋ, ಕವರೋ?

"ಸಮುದ್ರಾನ ಇಲ್ಲದ ಊರಾಗ ಹಡಗಿನ ಸ್ಟ್ಯಾಂಪ್ ಕೂಡಸೂದು ಯಾಕ್ರೀ ಸರ?" ಎಂದು ಬೆಳಗಾವಿ ಕಡೆ ಕೇಳುವವರಿಗೆ ಉತ್ತರ ಪಕ್ಕದ ಜಿಲ್ಲೆಯಲ್ಲೇ ಇದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಗೆ ಹೋಗಿ ಮೇಗುತಿ ಗುಡಿಯ ಗೋಡೆ ನೋಡಿ. ರವಿಕೀರ್ತಿ 634ರಲ್ಲಿ ಬರೆದ ಶಾಸನ ಅದು. ಪಡುಗಡಲ ಲಕ್ಷ್ಮಿಯಂತಿದ್ದ ಪುರಿಯನ್ನು ಇಮ್ಮಡಿ ಪುಲಕೇಶಿ ಮದ್ದಾನೆಗಳ ಸಾಲಿನಂತೆ ಕಾಣುವ ನೂರಾರು ಹಡಗುಗಳಿಂದ ಮುತ್ತಿದ ಎಂದು ಅದರಲ್ಲಿದೆ. ಬಾದಾಮಿಯಲ್ಲಿ ಕೂತವನಿಗೆ ಹಡಗು ಬೇಕಾಗಿತ್ತೆಂದ ಮೇಲೆ ನಮ್ಮ ಆಲ್ಬಮ್ಮಿಗೂ ಬೇಕಾದರೆ ತಪ್ಪೇನು?

ಹಾಗಾಗಿ ಯಾಕೆ ಎಂಬುದನ್ನು ಬಿಟ್ಟು ಯಾವುದು ಎಂಬುದಕ್ಕೆ ಬರುತ್ತೇನೆ. ಹಾಯಿ ಹಡಗುಗಳ ಸಂಗ್ರಹ ಮಾಡುವವರಲ್ಲಿ ಬ್ರಿಟನ್ನಿನ ಎಚ್‌ಎಂಎಸ್ ಟ್ರಿಂಕೋಮಲಿಯ ಚಿತ್ರವಿರುವ ಅಂಚೆ ಲೇಬಲ್‌ಗೆ, ಅಂದರೆ ಸ್ಟ್ಯಾಂಪಿನ ಬದಲು ಅಂಟಿಸಲು ಯಂತ್ರ ಮುದ್ರಿಸಿ ಕೊಡುವ ಚೀಟಿಗೆ, ಒಂದು ಆಸೆ ಇರುತ್ತದೆ. ಅದು ಹಲವು ರೂಪದಲ್ಲಿ ಸಿಗುತ್ತದೆ: ಒಂದೇ ಒಂದು ಬಿಡಿ ಲೇಬಲ್, ಬೇರೆ ಬೇರೆ ದರ್ಜೆಗಳ ಪೂರಾ ಪಟ್ಟಿ, ಅಂಚೆಯಲ್ಲಿ ಬಂದ ಕವರ್. ಅದೇ ದುಡ್ಡಿಗೆ ಮಾಮೂಲಿ ಸ್ಟ್ಯಾಂಪ್, ನಮ್ಮದೇ ಫೋಟೊ ಹಾಕಿಸಿಕೊಳ್ಳುವ ಅಂಚೆ ಇಲಾಖೆಯ ಮೈ ಸ್ಟ್ಯಾಂಪ್, ಒಂದು ಸಂದರ್ಭಕ್ಕೆಂದು ಇಲಾಖೆ ತರುವ ವಿಶೇಷ ಕವರ್ ಕೂಡ ಕೊಳ್ಳಬಹುದು. ದುಡ್ಡು ಎಲ್ಲಿ ಹಾಕಿದರೆ ಹಾಕಿದ್ದಕ್ಕೆ ಅರ್ಥ ಎಂಬುದೇ ಲೆಕ್ಕ.

ಮೊದಲು ಹಡಗು, ಯಾಕೆಂದರೆ ಇದು ನಮ್ಮ ಕಡೆಯ ಕಟ್ಟಿಗೆಯ ಹಡಗು. ನೆಪೋಲಿಯನ್ ಯುದ್ಧಗಳ ಕಾಲಕ್ಕೆ ಬ್ರಿಟನ್ನಿನಲ್ಲಿ ಓಕ್ ಮರ ಸಾಲದೆ ಬಂದಾಗ ನೌಕಾಪಡೆ ಬಾಂಬೆಯ ಕಡೆ ತಿರುಗಿತು. ಅಲ್ಲಿ ಪಾರ್ಸಿ ವಾಡಿಯಾ ಮನೆತನದವರು ಸಾಗವಾನಿಯಲ್ಲಿ ಹಡಗು ಕಟ್ಟುತ್ತಿದ್ದರು. ಟ್ರಿಂಕೋಮಲಿಯನ್ನು ಕಟ್ಟಿದ್ದು ಜಮ್‌ಸೇಟ್‌ಜಿ ಬೊಮನ್‌ಜಿ ವಾಡಿಯಾ, ಮಲಬಾರದ ಸಾಗವಾನಿ, ತಳದ ತೊಲೆಗೆ ಪಾರ್ಸಿ ಪದ್ಧತಿಯಂತೆ ಬೆಳ್ಳಿಯ ಮೊಳೆ. ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ಮರುವರ್ಷವೇ ಥಾಮಸ್ ಮನ್ರೋ ಬೆಳಗಾವಿ ಕೋಟೆಯನ್ನು ಮುತ್ತಿ ತೆಗೆದುಕೊಂಡ ಎಂದರೆ ಕಾಲದ ಅಂದಾಜು ಸಿಗುತ್ತದೆ. ಆಮೇಲೆ ಹಡಗು ಪೆಸಿಫಿಕ್ ಸಾಗರಕ್ಕೂ ಹೋಯಿತು, ತರಬೇತಿ ಹಡಗಾಯಿತು, 1897ರಲ್ಲಿ ಗುಜರಿಗೆ ಮಾರಾಟವಾಗಿ ಇನ್ನೇನು ಒಡೆಯಬೇಕು ಎನ್ನುವಾಗ ಉಳಿಯಿತು. ಮುಂದೆ ಫೂದ್ರೊಯಾಂ ಎಂಬ ಹೆಸರು ಹೊತ್ತು 1986ರವರೆಗೆ ಹುಡುಗರಿಗೆ ಕಡಲ ಪಾಠ ಹೇಳಿತು. 1987ರಲ್ಲಿ ಹಾರ್ಟಲ್‌ಪೂಲ್‌ಗೆ ತಂದು ದುರಸ್ತಿಗೆ ಕೈಹಾಕಿದರು, ಮುಗಿದದ್ದು 2001ಕ್ಕೆ. ಹಳೆಯ ಹೆಸರೂ ಮರಳಿ ಬಂತು. ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಅತಿ ಹಳೆಯದು ಇದೇ.

ಇನ್ನು ಲೇಬಲ್. ಯಂತ್ರದಿಂದ ಅಂಚೆ ಲೇಬಲ್ ಕೊಡುವ ಪದ್ಧತಿ 1976ರಲ್ಲಿ ಸ್ವಿಟ್ಜರ್ಲೆಂಡ್‌ಗೆ ಬಂತು. ಯಂತ್ರ ಮಾಡಿದ ಕಂಪನಿಯ ಹೆಸರು ಫ್ರಾಮಾ. ಹಳೆಯ ಸಂಗ್ರಾಹಕರು ಈಗಲೂ ಎಲ್ಲವನ್ನೂ ಫ್ರಾಮಾ ಎಂದೇ ಕರೆಯುತ್ತಾರೆ. ಬ್ರಿಟನ್ನಿನಲ್ಲಿ 2008ರಲ್ಲಿ ಬಂದದ್ದು ಪೋಸ್ಟ್ ಅಂಡ್ ಗೋ. ಪರದೆ ಒತ್ತಿ, ಪತ್ರ ತೂಗಿ, ದುಡ್ಡು ಕಟ್ಟಿದರೆ ಹಿಂದೆ ಅಂಟಿರುವ ಲೇಬಲ್ ಹೊರಬರುತ್ತದೆ. ಬಣ್ಣದ ಚಿತ್ರ ರೋಲ್ ಮೇಲೆ ಮೊದಲೇ ಅಚ್ಚಾಗಿರುತ್ತದೆ. ಯಾವ ದರ್ಜೆ, ಎಷ್ಟು ತೂಕದವರೆಗೆ, ಕೆಳಗೆ ಅಕ್ಷರ–ಅಂಕಿಗಳ ಒಂದು ಸಾಲು, ಇವಿಷ್ಟು ಮಾತ್ರ ದುಡ್ಡು ಬಿದ್ದ ಗಳಿಗೆಯಲ್ಲಿ ಕಪ್ಪಗೆ ಮೂಡುತ್ತವೆ. ಮ್ಯೂಸಿಯಂಗಳಲ್ಲಿ ಇಟ್ಟ ಯಂತ್ರಗಳಾದರೆ ಜಾಗದ ಹೆಸರೋ, ವಿಶೇಷ ದಿನದ ಒಂದು ಮಾತೋ ಹೆಚ್ಚಿಗೆ ಇರುತ್ತದೆ.

ನಮ್ಮ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿದಾಗ ಸ್ಟ್ಯಾಂಪಿನ ಬದಲು ಬಾರ್‌ಕೋಡ್ ಇರುವ ಬಿಳಿ ಸ್ಟಿಕ್ಕರ್ ಅಂಟಿಸುತ್ತಾರಲ್ಲ, ಕೆಲಸದ ಮಟ್ಟಿಗೆ ಇದು ಅದರ ಅಣ್ಣ. ಚಿತ್ರ ಇರುವುದೊಂದೇ ಹೆಚ್ಚು.

ಟ್ರಿಂಕೋಮಲಿಯ ರೋಲಿನಲ್ಲಿ ಚಿತ್ರ ಎಲ್ಲ ಲೇಬಲ್‌ಗೂ ಒಂದೇ. ಬೇರೆಯಾಗುವುದು ಆ ಕಪ್ಪು ಸಾಲು. ಅಂದರೆ ನೀವು ಬೆಲೆ ಕೊಡುವುದು ಸಾಲಿಗೆ. ಮುಂದಿನ ಎಲ್ಲ ಆಯ್ಕೆಯನ್ನೂ ನಾನು ಈ ಅಳತೆಯಿಂದಲೇ ನೋಡುತ್ತೇನೆ.

ಪೂರಾ ಪಟ್ಟಿ

ವ್ಯಾಪಾರಿಗಳು ಮೊದಲು ಮುಂದಿಡುವುದು ಇದನ್ನೇ, "ಕಲೆಕ್ಟರ್ಸ್ ಸ್ಟ್ರಿಪ್" ಎಂದು. ಒಂದೇ ಕಾಗದದ ಮೇಲೆ ಸಾಲಾಗಿ ಆರು ಲೇಬಲ್: ಫಸ್ಟ್ ಕ್ಲಾಸ್, ಅದರ ದೊಡ್ಡ ಪತ್ರದ ದರ, ವಿದೇಶದ ದರ ಹೀಗೆ. ಆಲ್ಬಮ್ಮಿನಲ್ಲಿ ಚೆಂದ ಕಾಣುತ್ತದೆ, ಇಲ್ಲ ಎನ್ನಲಾರೆ. ಆದರೆ ಅದೇ ಹಡಗನ್ನು ಆರು ಸಲ ಕೊಂಡಂತೆ. ವಿದೇಶದ ದರದ ಲೇಬಲ್‌ಗಳ ಮುಖಬೆಲೆಯೇ ಹೆಚ್ಚು. ಅದರ ಮೇಲೆ ವ್ಯಾಪಾರಿಯ ಲಾಭ, ಅದರ ಮೇಲೆ ಅಂಚೆ ಖರ್ಚು. 2010ರಲ್ಲಿ ಬಂದ ಬ್ರಿಟನ್ನಿನ ಹಕ್ಕಿಗಳ ಪೋಸ್ಟ್ ಅಂಡ್ ಗೋ ಮಾಲಿಕೆಯ ಹಾಗೆ ಲೇಬಲ್ಲಿಗೊಂದು ಚಿತ್ರ ಬದಲಾಗುವುದಾದರೆ ಪಟ್ಟಿಗೆ ಅರ್ಥವಿದೆ. ಒಂದೇ ಹಡಗಿಗೆ, ಯಂತ್ರದ ಲೇಬಲ್‌ಗಳನ್ನೇ ಅಧ್ಯಯನ ಮಾಡುವವರಿಗೆ ಬಿಟ್ಟರೆ, ನನಗೆ ಅರ್ಥ ಕಾಣುವುದಿಲ್ಲ.

ಕೊಳ್ಳಲೇಬೇಕೆಂದರೆ ಒಂದು ಪರೀಕ್ಷೆ ಮಾಡಿ. ಕೆಳಗಿನ ಸಾಲಿನಲ್ಲಿ ಯಂತ್ರದ ಗುರುತು ಇರುತ್ತದೆ, ಆ ವ್ಯವಹಾರದ ಸಂಖ್ಯೆ ಇರುತ್ತದೆ, ಕೊನೆಗೆ ಆ ವ್ಯವಹಾರದಲ್ಲಿ ಇದು ಎಷ್ಟನೆಯ ಲೇಬಲ್ ಎಂಬ ಅಂಕಿ. ಒಂದೇ ಬಾರಿಗೆ ಯಂತ್ರದಿಂದ ಬಂದ ಪಟ್ಟಿಯಲ್ಲಿ ಮೊದಲೆರಡೂ ಎಲ್ಲ ಲೇಬಲ್ ಮೇಲೆ ಒಂದೇ ಇದ್ದು, ಕೊನೆಯ ಅಂಕಿ ಮಾತ್ರ ಒಂದೊಂದಾಗಿ ಏರಬೇಕು. ನಡುವೆ ಅಂಕಿ ಹಾರಿದ್ದರೆ ಬಿಡಿ ಬಿಡಿ ಕೂಡಿಸಿ ಜೋಡಿಸಿದ್ದು ಎಂದು ತಿಳಿಯಿರಿ. ಅದಕ್ಕೆ ಪಟ್ಟಿಯ ಬೆಲೆ ಕೊಡಬಾರದು. ಕನ್ನಡಕದಲ್ಲಿ ಈ ಅಕ್ಷರ ಹಿಡಿಯುವುದಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಕೆಳಗಿನ ಸಾಲು ಮಾತ್ರ ಹತ್ತಿರದಿಂದ ತೆಗೆದ ಫೋಟೊ ಕೇಳಿ. ಕಳಿಸಲು ಹಿಂದೆಮುಂದೆ ನೋಡುವ ವ್ಯಾಪಾರಿಯನ್ನು ಬಿಟ್ಟುಬಿಡಿ.

ಬಿಡಿ ಲೇಬಲ್

ಹೆಚ್ಚಿನವರಿಗೆ ಇದು ಸಾಕು. ಚಿತ್ರ ಅದೇ, ಸಾಲೂ ಇರುತ್ತದೆ, ದುಡ್ಡು ಕಡಿಮೆ. ದರ್ಜೆ ಆರಿಸಿಕೊಳ್ಳುವ ಅವಕಾಶ ಇದ್ದರೆ ಅಗ್ಗದ ಸೆಕೆಂಡ್ ಕ್ಲಾಸ್ ತೆಗೆದುಕೊಳ್ಳಿ. ಹಡಗು ಅದರಲ್ಲಿ ಸಣ್ಣದಾಗುವುದಿಲ್ಲ. ಬರೀ ಚಿತ್ರವಿರುವ ಲೇಬಲ್, ಮ್ಯೂಸಿಯಂ ಹೆಸರೂ ಮುದ್ರಿತವಾದ ಲೇಬಲ್ ಎರಡೂ ಸಿಕ್ಕರೆ ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು, ಹಡಗು ನಿಂತ ಜಾಗದ ಸಾಕ್ಷಿ ಅದರಲ್ಲೇ ಇರುತ್ತದೆ.

ಮುದ್ರಣ ಸೊಟ್ಟಗಾಗಿದೆ, ಅಕ್ಷರ ಅರ್ಧ ಬಂದಿದೆ, ದರವೇ ಮೂಡಿಲ್ಲ ಎಂದು "ಎರರ್" ಹೆಸರಿನಲ್ಲಿ ದುಬಾರಿಗೆ ಮಾರುವವರಿದ್ದಾರೆ. ರೋಲ್ ಸರಿಯಾಗಿ ಕೂರದಿದ್ದರೆ ಯಾವ ಯಂತ್ರವೂ ಹಾಗೆ ಮಾಡುತ್ತದೆ. ನಾನಂತೂ ಅದರ ತಂಟೆಗೆ ಹೋಗುವುದಿಲ್ಲ. ವಸ್ತು ಯಾವುದೆಂದು ಖಾತ್ರಿ ಮಾಡಿಕೊಳ್ಳಲು ಬ್ರಿಟನ್ನಿನ ಸ್ಟ್ಯಾಂಪ್ ಸಂಗ್ರಾಹಕರು ಬಳಸುವ ಸ್ಟಾನ್ಲಿ ಗಿಬ್ಬನ್ಸ್ ಕ್ಯಾಟಲಾಗ್ ನೋಡಬಹುದು. ಪೋಸ್ಟ್ ಅಂಡ್ ಗೋ ಲೇಬಲ್‌ಗಳಿಗೆ ಅದರಲ್ಲಿ "ಎಫ್‌ಎಸ್" ಎಂದು ಶುರುವಾಗುವ ಬೇರೆ ಸಂಖ್ಯೆಗಳಿವೆ.

ಅಂಚೆಯಲ್ಲಿ ಬಂದ ಕವರ್

ನನ್ನ ಆಯ್ಕೆ ಇದು, ಆದರೆ ಎಲ್ಲ ಕವರ್ ಅಲ್ಲ. ಹೆಚ್ಚಿನ ಕವರ್‌ಗಳನ್ನು ವ್ಯಾಪಾರಿಗಳೇ ತಯಾರು ಮಾಡಿರುತ್ತಾರೆ: ದೊಡ್ಡ ಲಕೋಟೆ, ಹಡಗಿನ ಬಣ್ಣದ ಚಿತ್ರ, ಮೂಲೆಯಲ್ಲಿ ಲೇಬಲ್, ನೀಟಾಗಿ ಒತ್ತಿದ ಠಸೆ, ವಿಳಾಸವೇ ಇಲ್ಲ. ಅದು ಅಂಚೆ ಡಬ್ಬಿಯನ್ನು ನೋಡಿಯೇ ಇಲ್ಲ. ಅದಕ್ಕಿಂತ ಒಬ್ಬರು ಇನ್ನೊಬ್ಬರಿಗೆ ನಿಜವಾಗಿ ಬರೆದು ಹಾಕಿದ, ಅಂಚು ಸ್ವಲ್ಪ ಸವೆದ ಕವರ್ ಎಷ್ಟೋ ಮೇಲು.

ಬ್ರಿಟನ್ನಿನಲ್ಲಿ ಮಗಳೋ, ಅಳಿಯನೋ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಹೋದ ಹುಡುಗನೋ ಇದ್ದರೆ ಅವರ ಕೈಯಿಂದಲೇ ಮಾಡಿಸಿ. ಒಂದು ಎಚ್ಚರ: ಭಾರತಕ್ಕೆ ಬರುವ ಕವರಿಗೆ ವಿದೇಶದ ದರದ ಲೇಬಲ್ಲೇ ಬೇಕು. ಅಗ್ಗ ಎಂದು ಸೆಕೆಂಡ್ ಕ್ಲಾಸ್ ಅಂಟಿಸಿದರೆ ಅಂಚೆ ದರ ಕಡಿಮೆಯಾಯಿತು. ಕಡಿಮೆ ದರದ ಕವರ್ ಹಾಗೂ ಹೀಗೂ ನಮ್ಮ ಮನೆ ತಲುಪಿದರೂ ಪ್ರದರ್ಶನದಲ್ಲಿ ಜ್ಯೂರಿ ಕೇಳುವ ಮೊದಲ ಪ್ರಶ್ನೆ ಅದೇ ಆಗುತ್ತದೆ. ಬಿಡಿ ಲೇಬಲ್‌ಗೆ ಅಗ್ಗದ ದರ್ಜೆ, ಕವರಿಗೆ ಸರಿಯಾದ ದರ್ಜೆ. ಎರಡಕ್ಕೂ ಒಂದೇ ಲೆಕ್ಕ ಹಿಡಿಯಬೇಡಿ.

ಇನ್ನೊಂದು, ಡಬ್ಬಿಗೆ ಹಾಕದೆ ಕೌಂಟರಿನಲ್ಲಿ ಕೊಟ್ಟು ಕೈಯಿಂದ ಠಸೆ ಒತ್ತಿಸಿಕೊಳ್ಳಲು ಹೇಳಿ. ಡಬ್ಬಿಗೆ ಬಿದ್ದದ್ದರ ಮೇಲೆ ಯಂತ್ರ ಅಡ್ಡಾದಿಡ್ಡಿ ಗೆರೆ ಎಳೆಯುತ್ತದೆ, ಕೆಲವೊಮ್ಮೆ ಏನೂ ಬೀಳುವುದಿಲ್ಲ. ಆಗ ದಾರಿಯಲ್ಲಿ ಯಾರೋ ಬಾಲ್‌ಪೆನ್ನಿನಿಂದ ಹಡಗಿನ ಹಾಯಿಯ ಮೇಲೇ ಗೀಚುವುದೂ ಉಂಟು. ವಿಳಾಸವನ್ನು ಎಡಕ್ಕೆ, ಕೆಳಗೆ ಬರೆಯಿಸಿ. ಪಿನ್‌ಕೋಡ್ ತಪ್ಪದೆ ಇರಲಿ: 590001 ಎಂದು ಕಣ್ಣಿಗೆ ಬೀಳುವ ಕವರಿಗೂ ಮುಂದೆ ನಮ್ಮ ಊರಿನ ಸಂಗ್ರಾಹಕನಿಗೆ ಒಂದು ಸೆಳೆತ ಇರುತ್ತದೆ.

ಬಂದ ಕವರಿನಿಂದ ಲೇಬಲ್ ಬಿಡಿಸಲು ನೀರಿನಲ್ಲಿ ನೆನೆ ಹಾಕಬೇಡಿ. ಹಳೆಯ ಸ್ಟ್ಯಾಂಪಿಗೆ ಮಾಡುತ್ತಿದ್ದ ಆ ಕೆಲಸ ಇದಕ್ಕೆ ಒಗ್ಗುವುದಿಲ್ಲ. ಇಡೀ ಕವರ್ ಇಟ್ಟುಕೊಳ್ಳಲು ಜಾಗ ಇಲ್ಲದಿದ್ದರೆ ಸುತ್ತ ಒಂದು ಬೆರಳಷ್ಟು ಕಾಗದ ಬಿಟ್ಟು ಕತ್ತರಿಸಿ.

ವಿಜಯಪುರದ ಬಿಸಿಲು, ಬೆಳಗಾವಿಯ ಮಳೆ

ಕೊಳ್ಳುವ ಮೊದಲೇ ಇಡುವ ವ್ಯವಸ್ಥೆ ಯೋಚಿಸಬೇಕು, ಯಾಕೆಂದರೆ ನೀವು ಬೆಲೆ ಕೊಟ್ಟ ಆ ಕಪ್ಪು ಸಾಲು ಶಾಯಿಯಿಂದ ಬರೆದದ್ದಲ್ಲ, ಶಾಖದಿಂದ ಮೂಡಿದ್ದು. ವಾಯವ್ಯ ಸಾರಿಗೆ ಬಸ್ಸಿನ ಟಿಕೆಟ್ಟನ್ನು ಪಾಕೀಟಿನಲ್ಲಿ ಮರೆತು ತಿಂಗಳ ಮೇಲೆ ತೆಗೆದರೆ ಊರ ಹೆಸರೇ ಮಾಸಿಹೋಗಿರುತ್ತದಲ್ಲ, ಇದರ ಜಾತಿಯೂ ಅದೇ. ಬಣ್ಣದ ಹಡಗು ಹಾಗೇ ಉಳಿದು, ಅದು ಎಲ್ಲಿಯದು ಎಂದು ಹೇಳುವ ಸಾಲು ಮಾಯವಾದರೆ ಉಳಿದದ್ದು ಬರೀ ಸ್ಟಿಕ್ಕರ್.

ಮಾಸಿಸುವುದು ಬೆಳಕು ಮತ್ತು ಶಾಖ. ಅದಕ್ಕಿಂತ ಕೆಟ್ಟದ್ದು ಪಿವಿಸಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ, ಹೊಳೆಯುವ, ಒಂದು ಥರ ವಾಸನೆ ಬರುವ ಪ್ಲಾಸ್ಟಿಕ್ ಫೋಲ್ಡರ್ ಇದೆಯಲ್ಲ, ಅದನ್ನು ಮೆತ್ತಗೆ ಮಾಡಲು ಹಾಕಿದ ರಾಸಾಯನಿಕವೇ ಈ ಅಕ್ಷರಗಳನ್ನು ತಿನ್ನುತ್ತದೆ. ಪಾಲಿಯೆಸ್ಟರ್ ಇಲ್ಲವೇ ಪಾಲಿಪ್ರೊಪಿಲೀನ್ ಚೀಲ ಕೇಳಿ ತನ್ನಿ. ಅವು ಸ್ವಲ್ಪ ಗಟ್ಟಿ, ಮಡಿಸಿದರೆ ಪರಪರ ಸದ್ದು ಮಾಡುತ್ತವೆ, ವಾಸನೆ ಇರುವುದಿಲ್ಲ. ಬಟ್ಟೆಗೆ ಇಡುವ ಡಾಂಬರು ಗುಳಿಗೆ ಆಲ್ಬಮ್ಮಿನ ಹತ್ತಿರ ಬೇಡ.

ಊರಿನ ಪ್ರಕಾರ ಆಯ್ಕೆಯೂ ಬದಲಾಗಬಹುದು. ವಿಜಯಪುರ, ಬಾಗಲಕೋಟೆಯ ಏಪ್ರಿಲ್–ಮೇ ಬಿಸಿಲಿಗೆ ಲೇಬಲ್ಲಿನ ಅಂಟು ಅಂಚಿನಲ್ಲಿ ಒಸರುತ್ತದೆ, ಪಕ್ಕದ ಹಾಳೆಗೆ ಹತ್ತಿಕೊಳ್ಳುತ್ತದೆ. ಅಲ್ಲಿಯವರು ಹಿಂಬದಿಯ ಕಾಗದ ಲೇಬಲ್‌ಗಿಂತ ಸ್ವಲ್ಪ ಅಗಲ ಇರುವಂಥದ್ದನ್ನೇ ಕೊಳ್ಳಬೇಕು, ಅಂಚಿಗೆ ಸರಿಯಾಗಿ ಕತ್ತರಿಸಿದ್ದನ್ನು ಬಿಡಬೇಕು. ಆಲ್ಬಮ್ ತಗಡಿನ ಛಾವಣಿಯ ಕೋಣೆಯಲ್ಲಾಗಲಿ, ಗೋಡ್ರೆಜ್ ಕಪಾಟಿನ ಮೇಲಿನ ಖಾನೆಯಲ್ಲಾಗಲಿ ಬೇಡ. ಬೆಳಗಾವಿ, ಖಾನಾಪುರದವರಿಗೆ ಶಾಖದ ಕಾಟ ಕಡಿಮೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು. ಕವರಿನ ಕಾಗದಕ್ಕೆ ಕಂದು ಚುಕ್ಕೆ ಬಿದ್ದರೆ ಹೋಗುವುದಿಲ್ಲ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಿಸಿಲು ಬಿದ್ದ ದಿನ ಆಲ್ಬಮ್ ತೆರೆದು ನೆರಳಿನಲ್ಲಿ ಗಾಳಿಗೆ ಹಿಡಿಯಿರಿ. ಎಲ್ಲಿದ್ದರೂ, ಬಂದ ದಿನವೇ ಲೇಬಲ್ಲಿನ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಲೇಬಲ್ಲೇ ಬೇಕೇ? ಮಾಮೂಲಿ ಸ್ಟ್ಯಾಂಪ್ ಆಗದೇ?

ಹಡಗಿನ ಚಿತ್ರವಷ್ಟೇ ಬೇಕೆಂದರೆ ಸ್ಟ್ಯಾಂಪೇ ಲಾಭ. ಅಗ್ಗ, ಮಾಸುವುದಿಲ್ಲ, ಅಚ್ಚು ಚೆಂದ. ಇದಕ್ಕೆ ಒಂದು ಜೋಡಿ ಹೇಳುತ್ತೇನೆ. ಟ್ರಿಂಕೋಮಲಿಯ ನಕ್ಷೆಗಳನ್ನು ಬಾಂಬೆಗೆ ತರುತ್ತಿದ್ದದ್ದು ಎಚ್‌ಎಂಎಸ್ ಜಾವಾ ಎಂಬ ಹಡಗು. 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕರಾವಳಿಯ ಬಳಿ ಅಮೆರಿಕದ ಕಾನ್‌ಸ್ಟಿಟ್ಯೂಶನ್ ಅದನ್ನು ಹೊಡೆದುರುಳಿಸಿತು, ನಕ್ಷೆ ಹೋಯಿತು. ಇನ್ನೊಂದು ಪ್ರತಿ ಕಳಿಸಬೇಕಾಯಿತು, ಕೆಲಸ ತಡವಾಯಿತು. ಆ ಕಾನ್‌ಸ್ಟಿಟ್ಯೂಶನ್ ಕೂಡ ದುರಸ್ತಿಯಾಗಿ ಇಂದಿಗೂ ಬಾಸ್ಟನ್‌ನಲ್ಲಿ ತೇಲುತ್ತಿದೆ. ಅದರ ಮೇಲೆ ಅಮೆರಿಕ 1947ರಲ್ಲಿ ತಂದ 3 ಸೆಂಟಿನ ಹಸಿರು ಸ್ಟ್ಯಾಂಪಿನಲ್ಲಿ ಇರುವುದು ಬೇರೇನಲ್ಲ, ಹಡಗು ಕಟ್ಟುವವರ ರೇಖಾಚಿತ್ರ! ನಕ್ಷೆ ಕಳೆದುಕೊಂಡ ಹಡಗಿನ ಲೇಬಲ್, ಆ ನಕ್ಷೆ ಹೋಗಲು ಕಾರಣವಾದ ಹಡಗಿನ ನಕ್ಷೆಯ ಸ್ಟ್ಯಾಂಪ್ ಒಂದೇ ಹಾಳೆಯಲ್ಲಿ ಇಟ್ಟು ನೋಡಿ. ಆ ಸ್ಟ್ಯಾಂಪ್ ಬಹಳ ಅಚ್ಚಾದದ್ದು, ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಆರು ಲೇಬಲ್ಲಿನ ಪಟ್ಟಿ ಹೇಳದ ಕತೆಯನ್ನು ಈ ಎರಡು ಹೇಳುತ್ತವೆ.

ಹಡಗು ಆರಿಸುವಾಗ ದುರಸ್ತಿಯಾದದ್ದು ಯಾವುದು, ಹೊಸದಾಗಿ ಕಟ್ಟಿದ್ದು ಯಾವುದು ಎಂದು ಬೇರೆ ಮಾಡಿಕೊಳ್ಳಿ. ಟ್ರಿಂಕೋಮಲಿಯಲ್ಲಿ ಮೊದಲಿನ ಸಾಗವಾನಿ ಇನ್ನೂ ಉಳಿದಿದೆ. ಪೋರ್ಚುಗೀಸರು ದಮನ್‌ನಲ್ಲಿ ಕಟ್ಟಿ 1843ರಲ್ಲಿ ನೀರಿಗಿಳಿಸಿದ ದೊಮ್ ಫೆರ್ನಾಂದೊ ಸೆಗುಂದೊ ಇ ಗ್ಲೋರಿಯಾ 1963ರಲ್ಲಿ ಸುಟ್ಟು, ತೊಂಬತ್ತರ ದಶಕದಲ್ಲಿ ಮತ್ತೆ ಎದ್ದದ್ದು; ಅದೂ ಸಾಗವಾನಿಯದೇ, ಟ್ರಿಂಕೋಮಲಿಯ ಪಕ್ಕ ಇಡಲು ಅದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ. ನಮ್ಮ ನೌಕಾಪಡೆಯ ಕೌಂಡಿನ್ಯ ಮೂರನೆಯ ಬಗೆ: ಅಜಂತಾದ ಚಿತ್ರ ನೋಡಿ, ಮೊಳೆಯಿಲ್ಲದೆ ಹಗ್ಗದಿಂದ ಹಲಗೆ ಹೊಲಿದು ಹೊಸದಾಗಿ ಕಟ್ಟಿದ್ದು. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ.

ಮೈ ಸ್ಟ್ಯಾಂಪ್, ವಿಶೇಷ ಕವರ್

ಗಂಡಭೇರುಂಡ ಎಂದೊಡನೆ "ಹಂಗಾರ ಅದರ ಫೋಟೊ ಕೊಟ್ಟು ಮೈ ಸ್ಟ್ಯಾಂಪ್ ಮಾಡಸೂಣಲ್ರೀ" ಎನ್ನುವವರಿದ್ದಾರೆ. 2011ರಿಂದ ಇರುವ ಈ ಸೌಲಭ್ಯದಲ್ಲಿ 5 ರೂಪಾಯಿಯ 12 ಸ್ಟ್ಯಾಂಪಿನ ಹಾಳೆಗೆ 300 ರೂಪಾಯಿ ದರ ಇತ್ತು. ಅಂಚೆಗೆ ಬಳಸಿದರೆ 60 ರೂಪಾಯಿಯ ಕೆಲಸ. ನಿಮ್ಮ ಫೋಟೊ ಬರುವುದು ಇಲಾಖೆಯ ಚಿತ್ರದ ಪಕ್ಕದ ಜಾಗದಲ್ಲಿ. ಮದುವೆಗೆ, ನಿವೃತ್ತಿಗೆ ಉಡುಗೊರೆಯಾಗಿ ಬಹಳ ಚೆಂದ. ಹಡಗಿನ ಸಂಗ್ರಹಕ್ಕೆ ನಾನು ಹಾಕುವುದಿಲ್ಲ: ಹಡಗನ್ನು ಆರಿಸಿದ್ದು ನಾವು, ಅಂಚೆ ಅಲ್ಲ. ಮಾಡಿಸುವುದಾದರೂ ಫೋಟೊ ನೀವೇ ತೆಗೆದದ್ದಾಗಿರಲಿ. ಇಂಟರ್ನೆಟ್ಟಿನಿಂದ ಇಳಿಸಿದ್ದು ಬೇಡ.

ವಿಶೇಷ ಕವರ್ ಅದಕ್ಕಿಂತ ಮೇಲು. ಠಸೆಯಲ್ಲಿ ದಿನ, ಊರು, ಸಂದರ್ಭ ಇರುತ್ತದೆ, ಅಂದರೆ ಇಲ್ಲೂ ಒಂದು ಸಾಲು ಇದೆ. ಬಿಡುಗಡೆಯ ದಿನವೇ ಕೊಂಡರೆ ಬೆಲೆ ಮಿತ. ಆಮೇಲೆ ವ್ಯಾಪಾರಿಯ ಬಾಯಿಗೆ ಬಂದದ್ದೇ ದರ.

ಪ್ರದರ್ಶನದ ಯೋಚನೆ ಇದ್ದರೆ, ಹಡಗಿನಂಥ ಒಂದು ವಿಷಯ ಹಿಡಿದು ಮಾಡಿದ ಸಂಗ್ರಹದಲ್ಲಿ ಯಂತ್ರದ ಲೇಬಲ್, ಸ್ಟ್ಯಾಂಪ್, ಠಸೆ, ಸ್ಟ್ಯಾಂಪಿನ ಬದಲು ಕವರಿನ ಮೇಲೆ ಯಂತ್ರ ಒತ್ತುವ ಮೀಟರ್ ಮುದ್ರೆ ಎಲ್ಲವೂ ನಡೆಯುತ್ತವೆ. ಒಂದೇ ಬಗೆಯ ವಸ್ತು ಹಾಳೆ ತುಂಬ ಇಟ್ಟರೆ ಅಂಕ ಏರುವುದಿಲ್ಲ. ಪೂರಾ ಪಟ್ಟಿ ಬೇಡ ಎನ್ನಲು ಇದೂ ಒಂದು ಕಾರಣ.

ದುಡ್ಡು ಕೈಯಲ್ಲಿ ಹಿಡಿದು ಕೂತವರಿಗೆ ನನ್ನ ಕ್ರಮ ಹೀಗೆ. ಮೊದಲು ಒಂದು ಬಿಡಿ ಲೇಬಲ್, ಜಾಗದ ಹೆಸರು ಸ್ಪಷ್ಟ ಇರುವಂಥದ್ದು. ಅದರ ಜೊತೆಗೆ ಕಾನ್‌ಸ್ಟಿಟ್ಯೂಶನ್ ಸ್ಟ್ಯಾಂಪ್. ಆಮೇಲೆ ಆರು ತಿಂಗಳಾಗಲಿ, ವರ್ಷವಾಗಲಿ, ಸರಿಯಾದ ದರದ ನಿಜವಾದ ಕವರ್ ಸಿಗುವವರೆಗೆ ಕಾಯಿರಿ. ವಿಜಯಪುರದವರಾಗಿದ್ದರೆ ಒಂದು ಅಪವಾದ: 1949ರ ಮಾಲಿಕೆಯ 6 ಆಣೆಯ ಗೋಳಗುಮ್ಮಟದ ಸ್ಟ್ಯಾಂಪ್ ಇನ್ನೂ ನಿಮ್ಮ ಹತ್ತಿರ ಇಲ್ಲದಿದ್ದರೆ ಹಡಗು ಆಮೇಲೆ, ಮೊದಲು ಅದನ್ನು ತನ್ನಿ.

ಮನೆಯಲ್ಲಿ ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿದ್ದು ಅವರಿಗೂ ಈ ಗೀಳು ಹತ್ತಿದ್ದರೆ, ಪ್ರಧಾನ ಅಂಚೆ ಕಚೇರಿಯಲ್ಲಿ 200 ರೂಪಾಯಿ ಕಟ್ಟಿ ಅವರ ಹೆಸರಿನಲ್ಲಿ ಫಿಲಾಟೆಲಿ ಡಿಪಾಸಿಟ್ ಖಾತೆ ತೆರೆಸಿ. ಹೊಸ ಸ್ಟ್ಯಾಂಪ್ ಬಂದಂತೆ ಮನೆಗೆ ಕಳಿಸುತ್ತಾರೆ. ದೀನದಯಾಳ್ ಸ್ಪರ್ಶ್ ವಿದ್ಯಾರ್ಥಿವೇತನಕ್ಕೆ, ವರ್ಷಕ್ಕೆ 6,000 ರೂಪಾಯಿ, ಅರ್ಜಿ ಹಾಕಲು ಆ ಖಾತೆ ಇಲ್ಲವೇ ಶಾಲೆಯ ಫಿಲಾಟೆಲಿ ಕ್ಲಬ್ಬಿನ ಸದಸ್ಯತ್ವ ಬೇಕು. ಅದಕ್ಕೆ ಒಂದು ಪ್ರಾಜೆಕ್ಟ್ ಬರೆಯಬೇಕಾಗುತ್ತದೆ. ಮೇಗುತಿಯ ಶಾಸನದಿಂದ ಕೌಂಡಿನ್ಯದವರೆಗೆ ವಿಷಯಕ್ಕೆ ಬರವಿಲ್ಲ.